ಇಂಗ್ಲಿಷ್‌ಗಾಗಿ ಕಾಯಬೇಡ ಮಗಳೇ, ಕೆಲಸ ಹಿಡಿ

ಮಗಳೇ,

ಸೆಕೆಂಡ್ ಪಿಯುಸಿ ಮುಗಿಯಿತು, ಪ್ರವಾಸೋದ್ಯಮದ ಕಡೆ ಹೋಗಬೇಕು ಅಂತ ಮನಸ್ಸು ಮಾಡಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಕೇಳಿ ಸಂತೋಷವಾಯಿತು. ಜೊತೆಗೆ ಇನ್ನೊಂದು ಮಾತೂ ಹೇಳಿದ. ಇಂಗ್ಲಿಷ್ ಬರುವುದಿಲ್ಲ ಅನ್ನುವ ಅಳುಕಿನಿಂದ ಕೋರ್ಸಿಗೆ ಅರ್ಜಿ ಹಾಕುವುದನ್ನೇ ಮುಂದಿನ ವರ್ಷಕ್ಕೆ ಬಿಡೋಣ ಅಂತಿದ್ದೀಯಂತೆ. ಮೊದಲು ತುಮಕೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು, ಭಾಷೆ ಕೈಗೆ ಹತ್ತಿದ ಮೇಲೆ ಕೋರ್ಸು, ಅದಾದ ಮೇಲೆ ಕೆಲಸ. ಈ ಲೆಕ್ಕ ನನಗೆ ಸರಿ ಕಾಣಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಜೊತೆ ಓದಿದ ಕೆಂಕೆರೆ, ಹುಳಿಯಾರು ಕಡೆಯ ಹುಡುಗ ಹುಡುಗಿಯರಿಗೂ ಇದನ್ನು ಓದಿ ಹೇಳು.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟೇ ತಲೆ ನೆರೆತವನು ನಾನು. ನಮ್ಮ ಕಡೆಯ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಓದುತ್ತಾರೆ, ಪಾಸೂ ಆಗುತ್ತಾರೆ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಹೊರಗಿನವರು ಯಾರಾದರೂ ದಾರಿ ಕೇಳಿದರೆ ಬಾಯಿ ಕಟ್ಟಿ ನಿಲ್ಲುತ್ತಾರೆ. ಬುದ್ಧಿ ಕಮ್ಮಿಯಾಗಿ ಹೀಗಾಗುವುದಲ್ಲ. ಅಷ್ಟೂ ವರ್ಷದಲ್ಲಿ ಇಂಗ್ಲಿಷಿನಲ್ಲೇ ಮಾಡಿ ಮುಗಿಸಬೇಕಾದ ಒಂದು ಕೆಲಸವನ್ನು ಯಾರೂ ಅವರ ಕೈಗೆ ಕೊಟ್ಟಿರುವುದಿಲ್ಲ. ಪಾಠ ಓದಿದರು, ಪ್ರಶ್ನೆಗೆ ಉತ್ತರ ಬರೆದರು, ಖಾಲಿ ಜಾಗ ತುಂಬಿದರು. ಆ ಭಾಷೆಯಲ್ಲಿ ಒಬ್ಬ ಮನುಷ್ಯನಿಗೆ ಏನನ್ನಾದರೂ ತಿಳಿಸಬೇಕಾದ ಅಗತ್ಯವೇ ಅವರಿಗೆ ಬೀಳಲಿಲ್ಲ.

ಹಾಗಾಗಿ ನಾನು ಹೇಳುವುದು ಇಷ್ಟೇ. ಇಂಗ್ಲಿಷ್ ಕಲಿತು ಆಮೇಲೆ ಕೆಲಸ ಅಂತ ಕಾಯಬೇಡ. ಊರನ್ನು ತೋರಿಸುವ ಒಂದು ಕೆಲಸವನ್ನು ಈಗಲೇ ಹಿಡಿ. ಆ ಕೆಲಸ ಮುಗಿಸಲು ಎಷ್ಟು ಇಂಗ್ಲಿಷ್ ಬೇಕೋ ಅಷ್ಟನ್ನು ಅದೇ ಹೊತ್ತಿನಲ್ಲಿ ಕಲಿ. ಹಾಡ್ತಾ ಹಾಡ್ತಾ ರಾಗ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಇದು ತಾತನ ಹಳೇ ಕಾಲದ ಹಟ ಅಂದುಕೊಳ್ಳಬೇಡ. ಇದಕ್ಕೆ ಹೊರದೇಶದಲ್ಲೂ ನಮ್ಮ ನಾಡಿನಲ್ಲೂ ಬೇರು ಇದೆ. ಕೆಲಸದ ಮೂಲಕ ಕಲಿಕೆ ಅನ್ನುವುದನ್ನು ಅಮೆರಿಕದ ಕಿಲ್‌ಪ್ಯಾಟ್ರಿಕ್ 1918ರಲ್ಲಿ ‘ಪ್ರಾಜೆಕ್ಟ್ ಮೆಥಡ್’ ಅಂತ ಬರೆದರು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ನಯೀ ತಾಲೀಮ್ ಮುಂದಿಟ್ಟಾಗ ಹೇಳಿದ್ದೂ ಕೈಗೆಲಸದಿಂದಲೇ ವಿದ್ಯೆ ಅಂತ. ಇಂಗ್ಲಿಷ್ ಕಲಿಕೆಗೆ ಬಂದರೆ, ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳೆಲ್ಲ ಇವತ್ತಿಗೂ ಹೆಸರು ಹೇಳುವ ಪ್ರಯೋಗಕ್ಕೆ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಅಂತಲೇ ಹೆಸರು. 1979ರಿಂದ 1984ರವರೆಗೆ ನಡೆಯಿತು. ಎನ್. ಎಸ್. ಪ್ರಭು ಅನ್ನುವವರು ಅದರ ಮುಂದಾಳು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಜೊತೆಗಿತ್ತು. ಕರ್ನಾಟಕ, ತಮಿಳುನಾಡಿನ ಸಾಧಾರಣ ಶಾಲೆಗಳ ತರಗತಿಗಳಲ್ಲಿ ಅದನ್ನು ಮಾಡಿ ನೋಡಿದರು.

ಅವರು ಮಾಡಿದ್ದೇನು ಗೊತ್ತೇ? ವ್ಯಾಕರಣದ ಪಟ್ಟಿಯನ್ನು ಪಕ್ಕಕ್ಕಿಟ್ಟರು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಟ್ಟರು, ಊರಿನ ನಕ್ಷೆ ಇಟ್ಟರು. ಇಷ್ಟು ಗಂಟೆಗೆ ಇಂಥ ಊರಿನಲ್ಲಿರಬೇಕು ಅಂದರೆ ಯಾವ ರೈಲು ಹಿಡಿಯಬೇಕು, ಅದು ತಪ್ಪಿದರೆ ಮುಂದಿನದು ಯಾವುದು, ಇದು ದೂರವೋ ಅದು ದೂರವೋ. ಇಂಥ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೇ ಕೇಳಿ, ಮೊದಲು ಎಲ್ಲರೂ ಸೇರಿ ಒಂದನ್ನು ಬಿಡಿಸುವುದು; ಆಮೇಲೆ ಅಂಥದ್ದೇ ಇನ್ನೊಂದನ್ನು ಒಬ್ಬೊಬ್ಬರೇ ಬಿಡಿಸುವುದು. ಮಕ್ಕಳ ಗಮನವೆಲ್ಲ ರೈಲು ಸಿಗುತ್ತದೋ ಇಲ್ಲವೋ ಅನ್ನುವುದರ ಮೇಲೆ. ಅರ್ಥದ ಹಿಂದೆ ಓಡುವಾಗ ಭಾಷೆ ತಾನಾಗಿ ಮೈಗೂಡುತ್ತದೆ ಅನ್ನುವುದು ಪ್ರಭು ಅವರ ನಂಬಿಕೆ. ಈ ಅನುಭವವನ್ನೆಲ್ಲ ಅವರು 1987ರಲ್ಲಿ ಪುಸ್ತಕ ಮಾಡಿದರು. ಇವತ್ತು ‘ಟಾಸ್ಕ್’ ಇಟ್ಟು ಭಾಷೆ ಕಲಿಸುವ ಪದ್ಧತಿಗೆ ಇಟ್ಟ ಮೊದಲ ದೊಡ್ಡ ಹೆಜ್ಜೆ ಅಂತ ಹೊರದೇಶದವರೂ ಎಣಿಸುವುದು ಅದನ್ನೇ.

ಆ ಪ್ರಯೋಗವನ್ನು ಆಮೇಲೆ ಅಳೆದೂ ನೋಡಿದರು. ಹಳೇ ಕ್ರಮದ ಪ್ರಶ್ನೆಪತ್ರಿಕೆಯಲ್ಲಿ ಹಳೇ ಕ್ರಮದಲ್ಲಿ ಕಲಿತವರು ಮುಂದಿದ್ದರು, ಕೆಲಸದ ಮೂಲಕ ಕಲಿತವರು ಅಂಥ ಕೆಲಸದ ಪರೀಕ್ಷೆಯಲ್ಲಿ ಮುಂದಿದ್ದರು. ಇದರಿಂದ ನಿನಗೆ ಬೇಕಾದ ಪಾಠ ಸಿಗುತ್ತದೆ. ನಾಳೆ ನಿನ್ನನ್ನು ಪರೀಕ್ಷೆ ಮಾಡುವವರು ಯಾರು? ಹೋಟೆಲಿನ ಕೌಂಟರಿನ ಮುಂದೆ ಬ್ಯಾಗು ಹಿಡಿದು ನಿಂತವರು, ಗುಡಿಯ ಕಂಬ ತೋರಿಸಿ ಇದೇನು ಅಂತ ಕೇಳುವವರು. ಅವರು ಖಾಲಿ ಜಾಗ ತುಂಬಿಸುವುದಿಲ್ಲ. ಅವರು ಇಡುವ ಪರೀಕ್ಷೆಗೆ ಹೊಂದುವ ಕಲಿಕೆಯನ್ನೇ ನೀನು ಮಾಡಬೇಕು.

ಪ್ರವಾಸೋದ್ಯಮ ಅಂದರೆ ಒಂದೇ ಕೆಲಸವೂ ಅಲ್ಲ, ಅದಕ್ಕೆ ಬೇಕಾದ್ದು ಒಂದೇ ಇಂಗ್ಲಿಷೂ ಅಲ್ಲ. ಹೋಟೆಲಿನ ರಿಸೆಪ್ಷನ್ನಿನಲ್ಲಿ ಕೂತವರಿಗೆ ಮಾತಿಗಿಂತ ಹೆಚ್ಚಾಗಿ ಕಿವಿ ಚುರುಕಾಗಿರಬೇಕು. ಬಂಗಾಳಿಯವರ ಇಂಗ್ಲಿಷ್, ಗುಜರಾತಿಯವರ ಇಂಗ್ಲಿಷ್, ಜರ್ಮನಿಯವರ ಇಂಗ್ಲಿಷ್, ಎಲ್ಲವನ್ನೂ ಕೇಳಿ ಹೆಸರು, ತಾರೀಕು, ಫೋನ್ ನಂಬರನ್ನು ತಪ್ಪಿಲ್ಲದೆ ಬರೆದುಕೊಳ್ಳಬೇಕು. ಹೋಂಸ್ಟೇ ನಡೆಸುವವರಿಗೆ ಊಟ, ಹಾಸಿಗೆ, ಬಿಸಿನೀರು, ಯಾರಿಗೆ ಯಾವ ಪದಾರ್ಥ ಒಗ್ಗುವುದಿಲ್ಲ ಅನ್ನುವ ಮಾತು ಬೇಕು. ಟ್ಯಾಕ್ಸಿ ಓಡಿಸುವವರಿಗೆ ಹೊತ್ತು, ದಾರಿ, ಬಾಡಿಗೆ, ತಡವಾದರೆ ಕಾರಣ ಹೇಳುವಷ್ಟು ಬೇಕು. ಟ್ರಾವೆಲ್ಸ್ ಆಫೀಸಿನಲ್ಲಿ ಇಮೇಲ್ ಬರೆಯುವ ಕೈ ಬೇಕು. ಗೈಡ್ ಆದವರಿಗೆ ಕಥೆ ಹೇಳುವ, ಕೇಳಿದ್ದಕ್ಕೆ ನಿಂತಲ್ಲೇ ಉತ್ತರ ಕೊಡುವ ನಾಲಗೆ ಬೇಕು. ‘ಇಂಗ್ಲಿಷ್ ಕಲಿಯಬೇಕು’ ಅಂದರೆ ಸಮುದ್ರ. ‘ಅತಿಥಿಗೆ ನಮ್ಮ ಅಟ್ಟ ತೋರಿಸುವ ಇಂಗ್ಲಿಷ್ ಕಲಿಯಬೇಕು’ ಅಂದರೆ ಈ ಬೇಸಿಗೆಯಲ್ಲೇ ಮುಗಿಸಬಹುದಾದ ಕೆಲಸ.

ಹೌದು, ಮೊದಲನೇ ಕೆಲಸ ಅದೇ ಆಗಲಿ. ನಿಮ್ಮ ಮನೆ ಕೊಬ್ಬರಿ ಅಟ್ಟ.

ನಮಗೆ ಅದರಲ್ಲಿ ನೋಡುವಂಥದ್ದೇನೂ ಕಾಣುವುದಿಲ್ಲ, ಹುಟ್ಟಿದಾಗಿನಿಂದ ತಲೆ ಮೇಲೇ ಇದೆ. ಹೊರಗಿನವರಿಗೆ ಹಾಗಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಹತ್ತು ಹನ್ನೆರಡು ತಿಂಗಳು ನೆರಳಲ್ಲೇ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಇಡೀ ಉಂಡೆಯಾಗಿ ನಿಲ್ಲುವ ತನಕ ಕಾಯುವ ಈ ಕೆಲಸವನ್ನು ನೋಡದವರು ನಂಬುವುದೂ ಇಲ್ಲ. ಅವರ ಕೈಗೆ ಒಂದು ಹಸಿ ಕಾಯಿ, ಒಂದು ಅಟ್ಟದ ಕಾಯಿ ಕೊಡು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಲು ಹೇಳು. ಒಂದರಲ್ಲಿ ನೀರಿನ ಸದ್ದು, ಇನ್ನೊಂದರಲ್ಲಿ ಲೊಡಲೊಡ ಅಂತ ಉಂಡೆಯ ಸದ್ದು. ಇಷ್ಟು ಮಾಡಿದರೆ ನೀನು ಬಾಯಿ ಬಿಡುವ ಮೊದಲೇ ಅವರು ಪ್ರಶ್ನೆ ಕೇಳುತ್ತಾರೆ. ಕಲಿಕೆ ಶುರುವಾಗುವುದು ಆ ಪ್ರಶ್ನೆಯಿಂದ.

ಏನೇನು ಕೇಳಬಹುದು ಅಂತ ನೀವೇ ಕೂತು ಪಟ್ಟಿ ಮಾಡಿ. ಇಷ್ಟು ದಿನ ಯಾಕೆ ಬೇಕು? ಬಿಸಿಲಲ್ಲಿ ಯಾಕೆ ಒಣಗಿಸುವುದಿಲ್ಲ? ಕೇರಳದಲ್ಲಿ ಹೋಳು ಮಾಡಿ ಒಣಗಿಸುತ್ತಾರಲ್ಲ, ಅದೂ ಇದೂ ಒಂದೇನಾ? ಹೋಳು ಕೊಬ್ಬರಿ ಹೆಚ್ಚಾಗಿ ಎಣ್ಣೆ ಗಾಣಕ್ಕೆ ಹೋಗುತ್ತದೆ. ನಮ್ಮ ಉಂಡೆ ಕೊಬ್ಬರಿ ತಿನ್ನಲಿಕ್ಕೆ, ಸಿಹಿ ತಿಂಡಿಗೆ, ಪೂಜೆಗೆ, ಮದುವೆಗೆ ಅಂತ ತಿಪಟೂರು ಮಾರುಕಟ್ಟೆಯಿಂದ ಉತ್ತರ ಭಾರತಕ್ಕೆ ಹೋಗುತ್ತದೆ. ಇಲಿ ಕಾಟಕ್ಕೆ ಏನು ಮಾಡುತ್ತೀರಿ? ಅಡಿಕೆ ದಬ್ಬೆಯ ನೆಲ ಎಷ್ಟು ಭಾರ ತಡೆಯುತ್ತದೆ? ಸಿಪ್ಪೆ, ಚಿಪ್ಪು, ನಾರು ಏನಾಗುತ್ತದೆ? ರೇಟು ಎಷ್ಟು?

ರೇಟಿನ ಪ್ರಶ್ನೆಗೇ ಒಂದು ದಿನ ಕೊಡು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತು, ಎಣ್ಣೆ ಕೊಬ್ಬರಿಗೆ 11,582. ಈ ಎರಡು ಅಂಕಿಗಳನ್ನು ತಡವರಿಸದೆ ಇಂಗ್ಲಿಷಿನಲ್ಲಿ ಹೇಳು ನೋಡೋಣ. ಕ್ವಿಂಟಾಲ್ ಅಂದರೆ ನೂರು ಕೆಜಿ ಅಂತ ಬಿಡಿಸಿ ಹೇಳು. ಹೊರದೇಶದವರಿಗೆ ಲಕ್ಷ, ಕೋಟಿ ತಿಳಿಯುವುದಿಲ್ಲ. ಲಕ್ಷಕ್ಕೆ ‘ಹಂಡ್ರೆಡ್ ಥೌಸಂಡ್’, ಕೋಟಿಗೆ ‘ಟೆನ್ ಮಿಲಿಯನ್’ ಅಂತ ತಟ್ಟನೆ ಬಾಯಿಗೆ ಬರಬೇಕು. ಬೆಂಬಲ ಬೆಲೆ ಅಂದರೇನು, ಹರಾಜಿನಲ್ಲಿ ಅದಕ್ಕಿಂತ ಹೆಚ್ಚು ಕಮ್ಮಿ ಯಾಕಾಗುತ್ತದೆ ಅಂತ ನಾಲ್ಕು ವಾಕ್ಯದಲ್ಲಿ ಹೇಳಲು ಬಂದರೆ, ಯಾವ ಹೋಟೆಲಿನ ಇಂಟರ್‌ವ್ಯೂಗೂ ನೀನು ಹೆದರಬೇಕಿಲ್ಲ.

ಏಣಿ ಹತ್ತಿಸುವ ಮಾತೂ ಮುಖ್ಯ. ತಲೆ ಜೋಪಾನ, ಒಬ್ಬೊಬ್ಬರೇ ಬನ್ನಿ, ಈ ದಬ್ಬೆ ಮೇಲೆ ಕಾಲಿಡಬೇಡಿ, ಇಳಿಯುವಾಗ ಮುಖ ಏಣಿ ಕಡೆ ಇರಲಿ. ‘ಮೈಂಡ್ ಯುವರ್ ಹೆಡ್, ಒನ್ ಅಟ್ ಎ ಟೈಮ್, ಫೇಸ್ ದಿ ಲ್ಯಾಡರ್’ ಅನ್ನುವ ಇಂಥ ತುಂಡು ಮಾತುಗಳೇ ಅತಿಥಿಯನ್ನು ಕಾಪಾಡುವುದು. ಕೊಬ್ಬರಿ ಮಿಠಾಯಿ ಕೈಗಿಡುವ ಮುಂಚೆ, ಕಾಯಿ, ಬೀಜ ನಿಮಗೆ ಒಗ್ಗುತ್ತದೆಯೇ, ಅಲರ್ಜಿ ಇದೆಯೇ ಅಂತ ಕೇಳುವುದನ್ನೂ ರೂಢಿ ಮಾಡಿಕೋ. ಅತಿಥಿ ಸತ್ಕಾರದ ದೊಡ್ಡ ಗುಟ್ಟು ಈ ಸಣ್ಣ ಪ್ರಶ್ನೆಗಳಲ್ಲಿದೆ.

ಇದನ್ನು ಒಬ್ಬಳೇ ಮಾಡಬೇಡ. ನಾಲ್ಕು ಜನ ಸೇರಿ. ಒಬ್ಬರು ತೋಟದ ಭಾಗ, ಒಬ್ಬರು ಅಟ್ಟ, ಒಬ್ಬರು ಸುಲಿಯುವ ಜಾಗ, ಒಬ್ಬರು ಲೆಕ್ಕ ಮತ್ತು ಊಟ ಉಪಚಾರ ಅಂತ ಹಂಚಿಕೊಳ್ಳಿ. ಮೊದಲು ನಿಮ್ಮಪ್ಪನನ್ನು, ಕಾಯಿ ಸುಲಿಯಲು ಬರುವವರನ್ನು, ನಿಮ್ಮ ಅಜ್ಜಿಯನ್ನು ಕನ್ನಡದಲ್ಲೇ ಕೇಳಿ ಬರೆದುಕೊಳ್ಳಿ. ವಿಷಯ ಗಟ್ಟಿಯಾಗುವುದು ಅಲ್ಲಿ. ಆಮೇಲೆ ಕಾಗದ ಮುಚ್ಚಿಟ್ಟು, ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕೇಳಿಸಿಕೊಂಡಾಗ ಎಲ್ಲೆಲ್ಲಿ ತಡೆದು ನಿಂತಿರಿ ಅಂತ ಗೊತ್ತಾಗುತ್ತದೆ. ಆ ಜಾಗಗಳನ್ನು ಗುರುತು ಹಾಕಿ. ನಿಮಗೆ ಬೇಕಾದ ಇಂಗ್ಲಿಷ್ ಪಾಠ ಅಷ್ಟೇ, ಅದರಾಚೆ ಒಂದು ಪುಟವೂ ಸದ್ಯಕ್ಕೆ ಬೇಡ. ಆ ಪಟ್ಟಿ ಹಿಡಿದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರ ಹತ್ತಿರ ಹೋಗಿ. ‘ಸಾರ್, ಗ್ರಾಮರ್ ಹೇಳಿಕೊಡಿ’ ಅಂದರೆ ಅವರಿಗೂ ಎಲ್ಲಿಂದ ಹಿಡಿಯಬೇಕು ಅಂತ ತಿಳಿಯುವುದಿಲ್ಲ. ‘ಸಾರ್, ನೀರು ಇಂಗಿ ತಿರುಳು ಚಿಪ್ಪು ಬಿಡುತ್ತೆ ಅನ್ನೋದನ್ನು ಹೇಗೆ ಹೇಳೋದು’ ಅಂತ ಕೇಳಿ. ಯಾವ ಮೇಷ್ಟ್ರಿಗೂ ಅದಕ್ಕಿಂತ ಸಂತೋಷ ಕೊಡುವ ಪ್ರಶ್ನೆ ಇಲ್ಲ, ನನ್ನ ಮಾತು ನಂಬು.

ಫೋನಿನಲ್ಲಿ ತರ್ಜುಮೆ ಮಾಡುವ ಸೌಕರ್ಯ ಇದೆ, ಬಳಸಿಕೊಳ್ಳಿ. ಆದರೆ ಅದು ಕೊಟ್ಟದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಬೇಡಿ. ಬಾಯಿಪಾಠದ ಮಾತು ಮೊದಲ ಅಡ್ಡ ಪ್ರಶ್ನೆಗೇ ಮುರಿದು ಬೀಳುತ್ತದೆ. ಹುಡುಗಿ ಸೊಗಸಾಗಿ ಹೇಳುತ್ತಿರುತ್ತಾಳೆ, ಅತಿಥಿ ನಡುವೆ ‘ಇಲ್ಲಿ ಮಳೆ ಎಷ್ಟು’ ಅಂತ ಕೇಳುತ್ತಾರೆ, ಅವಳು ಉತ್ತರ ಕೊಡಲಾರದೆ ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಇದಾಗಬಾರದು. ಅಭ್ಯಾಸ ಮಾಡುವಾಗಲೇ ಒಬ್ಬರು ಹೇಳುತ್ತಿದ್ದರೆ ಉಳಿದ ಮೂವರು ಬೇಕಂತಲೇ ನಡುವೆ ಬಾಯಿ ಹಾಕಿ. ‘ಗೊತ್ತಿಲ್ಲ, ಕೇಳಿ ಹೇಳುತ್ತೇನೆ’ ಅನ್ನುವುದನ್ನು ವಿನಯವಾಗಿ ಇಂಗ್ಲಿಷಿನಲ್ಲಿ ಹೇಳಲು ಕಲಿಯಿರಿ. ‘ಕುಡ್ ಯೂ ಸೇ ದಟ್ ಅಗೇನ್, ಪ್ಲೀಸ್’ ಅನ್ನುವುದು ನಾಚಿಕೆಯ ಮಾತಲ್ಲ, ಆ ವೃತ್ತಿಯವರು ದಿನಾ ಆಡುವ ಮಾತು.

ಅಟ್ಟದ ಕೆಲಸ ಒಂದು ಹದಕ್ಕೆ ಬಂದ ಮೇಲೆ ಎರಡನೆಯದು ಹಿಡಿಯಿರಿ: ಒಂದು ದಿನದ ಪ್ರವಾಸದ ಯೋಜನೆ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹಂಪಿ 1986ರಲ್ಲೇ, ಪಟ್ಟದಕಲ್ಲು 1987ರಲ್ಲೇ ಸೇರಿದ್ದವು. ಬೆಂಗಳೂರಿನಿಂದ ತಿಪಟೂರು, ಅರಸೀಕೆರೆ, ಜಾವಗಲ್ಲಿನ ಮೇಲೆ ಹಳೇಬೀಡಿಗೆ ಹೋಗುವವರು ನಮ್ಮ ತೆಂಗಿನ ಸೀಮೆಯನ್ನು ಕಾರಿನ ಕಿಟಕಿಯಲ್ಲಿ ನೋಡಿಕೊಂಡು ದಾಟಿಬಿಡುತ್ತಾರೆ. ಅವರನ್ನು ಅರ್ಧ ದಿನ ಇಲ್ಲಿ ನಿಲ್ಲಿಸುವಂಥದ್ದು ನಮ್ಮಲ್ಲೇನಿದೆ?

ಅರಳಗುಪ್ಪೆ ಇದೆ. ತಿಪಟೂರು ತಾಲ್ಲೂಕು. ಅಲ್ಲಿನ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು, ನೊಳಂಬರ ಕಾಲದ ಕೆಲಸ. ಒಳಗೆ ಹೋಗಿ ತಲೆಯೆತ್ತಿದರೆ ಛಾವಣಿಯ ನಡುವೆ ಕುಣಿಯುವ ಶಿವ, ಸುತ್ತ ಎಂಟು ದಿಕ್ಕಿನ ಪಾಲಕರು. ಅದೇ ಊರಿನಲ್ಲಿ ಹೊಯ್ಸಳರ ಚೆನ್ನಕೇಶವ ಗುಡಿ, ಹೊನೋಜ ಅನ್ನುವ ರೂವಾರಿಯ ಹೆಸರಿನ ಸಮೇತ. ಅರಸೀಕೆರೆಯಲ್ಲಿ 1220ರ ಶಿವಾಲಯ, ಹತ್ತಿರದ ಹಾರನಹಳ್ಳಿಯಲ್ಲಿ ಎರಡು ಹೊಯ್ಸಳ ಗುಡಿ. ಇತ್ತ ತುರುವೇಕೆರೆಗೆ ಹೊರಳಿದರೆ 13ನೇ ಶತಮಾನದ ಗುಡಿಗಳು, ಗಂಗಾಧರೇಶ್ವರನ ಮುಂದೆ ಇವತ್ತಿಗೂ ಮಿರಿಮಿರಿ ಮಿನುಗುವ ಕರಿಕಲ್ಲಿನ ನಂದಿ.

ಈಗ ನಿಮಗೆ ಒಂದು ಸಮಸ್ಯೆ ಕೊಡುತ್ತೇನೆ. ಪುಣೆಯ ನಾಲ್ಕು ಜನ ಬರುತ್ತಾರೆ ಅಂದುಕೊಳ್ಳಿ. ಗಂಡ, ಹೆಂಡತಿ, ಎಂಟು ವರ್ಷದ ಮಗು, ಮೊಣಕಾಲು ನೋವಿರುವ ಅಜ್ಜಿ. ಬೆಳಗ್ಗೆ ತಿಪಟೂರಿನಲ್ಲಿ ಇಳಿಯುತ್ತಾರೆ, ಸಂಜೆ ಅರಸೀಕೆರೆಯಲ್ಲಿ ರೈಲು ಹತ್ತಬೇಕು. ಎಲ್ಲಿಗೆ ಕರೆದೊಯ್ಯುತ್ತೀರಿ, ಯಾವುದನ್ನು ಬಿಡುತ್ತೀರಿ? ಯಾವ ಗುಡಿಗೆ ಮೆಟ್ಟಿಲು ಹೆಚ್ಚು? ಬೀಗ ಹಾಕಿದ್ದರೆ ಕೀಲಿ ಯಾರ ಹತ್ತಿರ, ಫೋನ್ ಮಾಡಿ ಹೇಳಿದ್ದೀರಾ? ಏಪ್ರಿಲ್ ಬಿಸಿಲಲ್ಲಿ ಗುಡಿಯ ಹೊರಗಿನ ಕಲ್ಲು ಕಾಲು ಸುಡುತ್ತದೆ, ಕಾಲುಚೀಲ ತರಲು ಮೊದಲೇ ತಿಳಿಸಿದ್ದೀರಾ? ಹೆಂಗಸರಿಗೆ ಶೌಚಾಲಯ ಎಲ್ಲಿ? ಮಗು ಮಧ್ಯಾಹ್ನ ಏನು ತಿನ್ನುತ್ತದೆ? ಇದನ್ನೆಲ್ಲ ನೀವು ಹೋಗಿ, ನಡೆದು, ಗಡಿಯಾರ ನೋಡಿ, ಬಸ್ಸಿನ ಮತ್ತು ರೈಲಿನ ವೇಳೆ ಹಿಡಿದು ಗೊತ್ತುಮಾಡಬೇಕು. ಆಮೇಲೆ ಒಂದು ಪುಟದ ಇಂಗ್ಲಿಷ್ ಪತ್ರ, ಒಂದು ಕೈನಕ್ಷೆ, ಖರ್ಚಿನ ಪಟ್ಟಿ. ಬೆಂಗಳೂರಿನಲ್ಲಿರುವ ನಮ್ಮೂರಿನವರಿಗೆ ಕೊಟ್ಟು, ಅವರ ಪಕ್ಕದ ಮನೆಯ ಕನ್ನಡ ಬಾರದವರಿಗೆ ಓದಿಸಿ. ಅವರಿಗೆ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ತಿದ್ದಿ. ಪ್ರಭು ಅವರು ತರಗತಿಯಲ್ಲಿ ಮಕ್ಕಳ ಮುಂದಿಟ್ಟ ವೇಳಾಪಟ್ಟಿಯ ಲೆಕ್ಕವೇ ಇದು, ನಿಜವಾದ ರಸ್ತೆ ಮೇಲೆ.

ಗುಡಿ ತೋರಿಸುವಾಗ ಒಂದು ನಿಯಮ ಮಾತ್ರ ಮುರಿಯಬೇಡ. ಜನ ಹೇಳುವ ಕಥೆಯನ್ನು ಕಥೆ ಅಂತಲೇ ಹೇಳು, ಶಾಸನದಲ್ಲಿರುವುದನ್ನು ಶಾಸನದ್ದು ಅಂತ ಹೇಳು. ಜಕಣಾಚಾರಿ, ಅವನ ಮಗ ಡಂಕಣ, ಕಲ್ಲಿನೊಳಗಿನ ಕಪ್ಪೆ, ಕೈದಾಳದಲ್ಲಿ ಮರಳಿ ಬಂದ ಕೈ, ಇವೆಲ್ಲ ನಮ್ಮ ತುಮಕೂರು ಸೀಮೆಯ ಸೊಗಸಾದ ಐತಿಹ್ಯ. ಬಿಡದೆ ಹೇಳು, ಮಕ್ಕಳು ಬಾಯಿ ಬಿಟ್ಟು ಕೇಳುತ್ತಾರೆ. ಆದರೆ ‘ಪೀಪಲ್ ಸೇ’ ಅಂತ ಶುರುಮಾಡು. ದಾಸೋಜ, ಮಲ್ಲಿತಮ್ಮ, ಹೊನೋಜ, ಇವರು ಕಲ್ಲಿನಲ್ಲೇ ಹೆಸರು ಬಿಟ್ಟುಹೋದ ರೂವಾರಿಗಳು. ಅಲ್ಲಿ ‘ದಿ ಇನ್‌ಸ್ಕ್ರಿಪ್ಷನ್ ಸೇಸ್’ ಅನ್ನು. ಈ ಎರಡು ಆರಂಭಗಳನ್ನು ಬೆರೆಸದೆ ಬಳಸುವ ಗೈಡನ್ನು ಓದಿದವರೂ ಗೌರವಿಸುತ್ತಾರೆ. ಅತಿಥಿಯ ಕಣ್ಣರಳಿಸಲಿಕ್ಕೆ ಇಲ್ಲದ ಅಂಕಿ, ಇಲ್ಲದ ಪವಾಡ ಕಟ್ಟಿ ಹೇಳಬೇಡ. ಈಗ ಎಲ್ಲರ ಕೈಯಲ್ಲೂ ಫೋನಿದೆ, ಅಲ್ಲೇ ನೋಡಿಬಿಡುತ್ತಾರೆ. ಒಂದು ಸುಳ್ಳು ಸಿಕ್ಕಿಬಿದ್ದರೆ ನೀನು ಹೇಳಿದ ಹತ್ತು ನಿಜವೂ ನೀರು ಪಾಲು.

ನಮ್ಮೂರಿಗೆ ಯಾವ ಫಾರಿನರ್ ಬರುತ್ತಾನೆ ತಾತ, ಯಾರ ಹತ್ತಿರ ಮಾತಾಡಲಿ ಅಂತ ನೀನು ಕೇಳಬಹುದು. ನಮ್ಮ ದೇಶದಲ್ಲಿ ಓಡಾಡುವ ಪ್ರವಾಸಿಗರಲ್ಲಿ ಬಹುಪಾಲು ನಮ್ಮ ದೇಶದವರೇ. ಕೋಲ್ಕತ್ತದವರು, ಅಹಮದಾಬಾದಿನವರು, ಬೆಂಗಳೂರಿಗೆ ಕೆಲಸಕ್ಕೆ ಬಂದು ಶನಿವಾರ ಭಾನುವಾರ ಸುತ್ತುವ ಹುಡುಗರು. ಅವರಿಗೂ ನಿನಗೂ ನಡುವೆ ಇರುವ ಇಂಗ್ಲಿಷ್ ಇಬ್ಬರ ಮನೆಮಾತೂ ಅಲ್ಲ. ಅವರೂ ನಿನ್ನಂತೆ ಶಾಲೆಯಲ್ಲಿ ಕಲಿತವರು. ಹಾಗಾಗಿ ಲಂಡನ್ನಿನವರ ಹಾಗೆ ನಾಲಗೆ ಮಡಿಚಬೇಕಾದ ಅಗತ್ಯವೇ ಇಲ್ಲ. ನಿಧಾನ, ಸ್ಪಷ್ಟ, ಚಿಕ್ಕ ವಾಕ್ಯ. ಊರು, ವ್ಯಕ್ತಿಗಳ ಹೆಸರನ್ನು ನಮ್ಮ ಹಾಗೇ ಪೂರ್ತಿ ಉಚ್ಚರಿಸು, ಬೇಕಾದರೆ ಎರಡು ಸಲ ಹೇಳು.

ನಗುವವರು ಇರುತ್ತಾರೆ. ಹೊರಗಿನವರಿಗಿಂತ ಹೆಚ್ಚಾಗಿ ನಮ್ಮವರೇ ನಗುತ್ತಾರೆ, ‘ಏನವ್ವಾ, ಇಂಗ್ಲಿಷಾ’ ಅಂತ. ಹೆಣ್ಣುಮಕ್ಕಳಿಗಂತೂ ಎರಡರಷ್ಟು ಮಾತು ಬರುತ್ತದೆ. ಅದಕ್ಕೆ ಉತ್ತರ ಕೊಡುತ್ತಾ ನಿಲ್ಲಬೇಡ. ನಾಲ್ಕು ಜನ ಜೊತೆಯಾಗಿ ಮಾಡಿ ಅಂದದ್ದು ಅದಕ್ಕೂ ಸೇರಿಯೇ. ಒಬ್ಬರ ಧೈರ್ಯ ಕುಂದಿದಾಗ ಇನ್ನೊಬ್ಬರದು ಇರುತ್ತದೆ.

ಇಂಗ್ಲಿಷ್ ಹಿಡಿದರೆ ಕನ್ನಡ ಬಿಟ್ಟುಹೋಗುತ್ತದೆ ಅಂತ ಹೆದರಿಸುವವರೂ ಇದ್ದಾರೆ, ಕನ್ನಡ ಬಿಟ್ಟರೇ ಇಂಗ್ಲಿಷ್ ಬರುವುದು ಅನ್ನುವವರೂ ಇದ್ದಾರೆ. ಇಬ್ಬರಿಗೂ ನಮ್ಮ ಸೀಮೆಯ ಇಬ್ಬರು ದೊಡ್ಡವರನ್ನು ತೋರಿಸು. ಬಿ.ಎಂ.ಶ್ರೀ ಹುಟ್ಟಿದ್ದು 1884ರಲ್ಲಿ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವ ಬಗೆ ಹೇಗೆ ಅಂತ ಭಾಷಣ ಮಾಡಿದರು, 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಕೊಟ್ಟು ಹೊಸಗನ್ನಡ ಕಾವ್ಯದ ದಾರಿಯನ್ನೇ ತಿರುಗಿಸಿದರು. ತೀ.ನಂ.ಶ್ರೀ ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು, 1906ರಲ್ಲಿ ಹುಟ್ಟಿದವರು. ಅವರೂ ಮೊದಲು ಇಂಗ್ಲಿಷ್ ಪಾಠ ಹೇಳಿದವರೇ, ಆಮೇಲೆ ಕನ್ನಡದ ಮಹಾ ವಿದ್ವಾಂಸರಾದರು. ಕನ್ನಡದಲ್ಲಿ ತಿಳಿಯಾಗಿ ಹೇಳಲು ಬಾರದ್ದನ್ನು ಇಂಗ್ಲಿಷಿನಲ್ಲೂ ಹೇಳಲು ಬಾರದು. ಅದಕ್ಕೇ ಮೊದಲು ಅಜ್ಜಿಯನ್ನು ಕೇಳಿ ಕನ್ನಡದಲ್ಲಿ ಬರೆದುಕೋ ಅಂದದ್ದು.

ಇನ್ನು ಮುಂದಿನ ಬಾಗಿಲುಗಳ ಮಾತು. ಹೋಟೆಲ್ ಕೆಲಸ ಇಷ್ಟವಾದರೆ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಹೋಟೆಲ್ ಮ್ಯಾನೇಜ್‌ಮೆಂಟ್ ಇದೆ, ಅದಕ್ಕೆ ರಾಷ್ಟ್ರ ಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಮೈಸೂರಿನಲ್ಲಿ ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟ್ ಇದೆ. ಗೈಡ್ ಆಗುವ ಮನಸ್ಸಿದ್ದರೆ ಪ್ರವಾಸೋದ್ಯಮ ಇಲಾಖೆಯ ತರಬೇತಿ, ಗುರುತಿನ ಚೀಟಿ ಬೇಕು. ಜಿಲ್ಲಾ ಕಚೇರಿಗೆ ನೀನೇ ಹೋಗಿ ವಿಚಾರಿಸು, ಯಾರೋ ಹೇಳಿದರು ಅಂತ ಬಿಡಬೇಡ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಓದುವ ಟೂರಿಸ್ಟ್ ಫೆಸಿಲಿಟೇಟರ್ ಕೋರ್ಸನ್ನೂ ನಡೆಸಿದೆ. ಮುಂದೆ ಕೆಲಸದ ಇಂಟರ್‌ವ್ಯೂಗಳಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಅಂತ ಕೇಳುತ್ತಾರೆ. ಎಲ್ಲರೂ ಗೈಡು ಪುಸ್ತಕದ ಉತ್ತರ ಒಪ್ಪಿಸುವಾಗ, ನೀನು ‘ನಾವು ನಾಲ್ವರು ನಮ್ಮೂರಿನ ಕೊಬ್ಬರಿ ಅಟ್ಟಕ್ಕೆ ಒಂದು ಟೂರ್ ಮಾಡಿದೆವು, ಇಂಥದ್ದು ಸರಿಹೋಗಲಿಲ್ಲ, ಹೀಗೆ ತಿದ್ದಿದೆವು’ ಅಂತ ಹೇಳಿದರೆ ಎದುರಿಗೆ ಕೂತವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಒಂದು ಎಚ್ಚರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದುಬೈ ಹೋಟೆಲಿನಲ್ಲಿ ಕೆಲಸ, ಹಡಗಿನಲ್ಲಿ ಕೆಲಸ, ಇಂಗ್ಲಿಷ್ ನಾವೇ ಕಲಿಸುತ್ತೇವೆ, ಮುಂಗಡ ಕಟ್ಟಿ ಅನ್ನುವವರು ನಿಮ್ಮಂಥ ಮಕ್ಕಳನ್ನೇ ಹುಡುಕಿಕೊಂಡು ಬರುತ್ತಾರೆ. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯಿದೆಯಂತೆ ಸರ್ಕಾರದಲ್ಲಿ ನೋಂದಣಿ ಮಾಡಿಸಿರಲೇಬೇಕು. ಆ ನಂಬರನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ, ಪಾಸ್‌ಪೋರ್ಟನ್ನು ಯಾರ ಕೈಗೂ ಒಪ್ಪಿಸಬೇಡಿ. ಕರಾರಿನ ಕಾಗದವನ್ನು ಸಾಲು ಸಾಲು ಓದಿ ಅರ್ಥ ಮಾಡಿಕೊಳ್ಳಲಿಕ್ಕೂ ಇಂಗ್ಲಿಷ್ ಬೇಕು. ಅದನ್ನೇ ನಿಮ್ಮ ಮೂರನೇ ಕೆಲಸ ಮಾಡಿಕೊಳ್ಳಿ: ಒಂದು ನೇಮಕಾತಿ ಪತ್ರ ಹಿಡಿದು ಸಂಬಳ, ರಜೆ, ಕೆಲಸದ ಹೊತ್ತು, ಊಟ ವಸತಿ, ಬಿಟ್ಟುಬರುವ ಷರತ್ತು ಎಲ್ಲಿದೆ ಅಂತ ಹುಡುಕಿ ನಿಮ್ಮ ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳುವುದು.

ಸ್ಪೋಕನ್ ಇಂಗ್ಲಿಷ್ ಕ್ಲಾಸು ಬೇಡವೇ ಬೇಡ ಅನ್ನುವುದಿಲ್ಲ. ಸೇರಬೇಕೆನಿಸಿದರೆ ಸೇರು. ಆದರೆ ಕೈಯಲ್ಲಿ ಒಂದು ಕೆಲಸ ಹಿಡಿದುಕೊಂಡು ಹೋಗು. ಏನು ಬೇಕು ಅಂತ ಗೊತ್ತಿದ್ದವರಿಗೆ ಯಾವ ಕ್ಲಾಸೂ ಉಪಯೋಗಕ್ಕೆ ಬರುತ್ತದೆ. ಗೊತ್ತಿಲ್ಲದವರು ಫೀಸು ಕಟ್ಟಿ ಬರುತ್ತಾರೆ, ಅಷ್ಟೇ. ಕೋರ್ಸಿನ ಅರ್ಜಿಯನ್ನು ಮಾತ್ರ ಈ ವರ್ಷವೇ ಹಾಕು, ಕೊನೇ ತಾರೀಕು ನೋಡಿಕೊಂಡು. ಮೂರು ವರ್ಷ ಓದುವಾಗ ಪ್ರತಿ ಸೆಮಿಸ್ಟರಿಗೂ ಇಂಥದೊಂದು ಕೆಲಸ ನೀನೇ ಹಾಕಿಕೊಂಡರೆ, ಡಿಗ್ರಿ ಕೈಗೆ ಬರುವ ಹೊತ್ತಿಗೆ ನಿನ್ನ ಹತ್ತಿರ ಸರ್ಟಿಫಿಕೇಟಿನ ಜೊತೆಗೆ ತೋರಿಸಲು ಮಾಡಿದ ಕೆಲಸವೂ ಇರುತ್ತದೆ.

ಈ ಭಾನುವಾರ ನಿನ್ನ ಮೂವರು ಜೊತೆಗಾರರನ್ನು ಗೊತ್ತುಮಾಡು. ಮುಂದಿನ ಭಾನುವಾರದೊಳಗೆ ಅತಿಥಿ ಕೇಳಬಹುದಾದ ಇಪ್ಪತ್ತು ಪ್ರಶ್ನೆ ಬರೆದು ತನ್ನಿ. ಮೊದಲನೇ ಅತಿಥಿಯಾಗಿ ನಾನೇ ಬರುತ್ತೇನೆ. ಅಟ್ಟ ಇಳಿದು ಹೋಗುವ ತನಕ ನನ್ನ ಬಾಯಲ್ಲಿ ಒಂದು ಕನ್ನಡ ಮಾತೂ ಬರುವುದಿಲ್ಲ, ತಿಳಿದಿರಲಿ. ಚೆನ್ನಾಗಿ ತಯಾರಾಗಿ. ಒಳ್ಳೆಯದಾಗಲಿ ಮಗಳೇ.